ಎರಡು ದಂಡೆಯ ಪಥ್ಯ

ಆ ಹೊಳೆ ಎಷ್ಟು ಅಗಲ ಅಂದರೆ, ಈ ದಂಡೆಯಲ್ಲಿ ಒಬ್ಬ ಸೀನಿದರೆ ಆ ದಂಡೆಯವರು ‘ನೂರು ವರ್ಷ’ ಅನ್ನುವಷ್ಟರಲ್ಲಿ ಅವನ ನೆಗಡಿಯೇ ವಾಸಿಯಾಗಿರುತ್ತಿತ್ತು. ನಾನು ಅಳೆದಿದ್ದೇನೆ. ನಂಬದವರು ಹೋಗಿ ಸೀನಿ ನೋಡಬಹುದು.

ಈ ದಂಡೆಯಲ್ಲಿ ಹಾಲಯ್ಯ ಅಜ್ಜನವರ ಮಠ. ಮಠದೊಳಗೆ ಹನ್ನೆರಡು ಮಂಚದ ಒಂದು ದವಾಖಾನೆ. ಬೇರು ಸೊಪ್ಪಿನ ಔಷಧ, ಅದಕ್ಕಿಂತ ಹೆಚ್ಚಾಗಿ ಕಟ್ಟುನಿಟ್ಟಿನ ಊಟ.

ಆ ದಂಡೆಯಲ್ಲಿ ಶ್ರೀಪಾದಾಚಾರ್ಯ ಕಟ್ಟಿ ಅನ್ನುವ ಪಂಡಿತರ ದವಾಖಾನೆ. ಪಂಡಿತರಿಗೆ ಎಂಬತ್ತೆರಡು. ನಾಡಿ ಹಿಡಿದರೆ ನಿಮ್ಮ ಮುತ್ತಜ್ಜ ತಿಂದ ಹೋಳಿಗೆಯಲ್ಲಿ ಬೆಲ್ಲ ಎಷ್ಟಿತ್ತು ಅಂತ ಹೇಳುವವರು. ಈಗ ಕಣ್ಣು ಮಂಜಾಗಿತ್ತು. ದವಾಖಾನೆಯ ಬಾಗಿಲು ಹಾಕುವುದೆಂದು ತೀರ್ಮಾನಿಸಿದ್ದರು.

ಅವರ ರೋಗಿಗಳು ನಾಲ್ಕು ಸಾವಿರದ ನೂರಾ ಹನ್ನೆರಡು ಮಂದಿ. ಅಷ್ಟೂ ಮಂದಿಯನ್ನು ಅಜ್ಜನವರಿಗೆ ಒಪ್ಪಿಸುವುದೆಂದು ಇಬ್ಬರಲ್ಲೂ ಮಾತಾಯಿತು.

ಜನರೇನೋ ದೋಣಿಯಲ್ಲಿ ಬರಬಹುದು. ಅವರ ದಾಖಲೆ ಬರುವುದು ಹೇಗೆ?

ಪಂಡಿತರ ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರ್, ಮಠದ ಕಂಪ್ಯೂಟರಿನಲ್ಲಿ ಇನ್ನೊಂದು. ಅದರ ಖಾನೆಗಳು ಬೇರೆ, ಇದರ ಖಾನೆಗಳು ಬೇರೆ. ಅಲ್ಲಿಯ ಯಾವ ಖಾನೆಯಲ್ಲಿದ್ದದ್ದು ಇಲ್ಲಿಯ ಯಾವ ಖಾನೆಗೆ ಬಂದು ಬೀಳಬೇಕು ಅನ್ನುವುದನ್ನು ಒಬ್ಬರು ಕೂತು ಗೆರೆ ಎಳೆದು ತೋರಿಸಬೇಕು.

ಆ ಒಬ್ಬ, ಅಜ್ಜನವರ ಶಿಷ್ಯ ಫಕೀರೇಶ.

ಮೂವತ್ತು ದಾಟಿದವ. ಮೂರು ವರ್ಷದಿಂದ ಮಠದಲ್ಲಿದ್ದ. ಕೀಲಿಮಣೆಯ ಮೇಲೆ ಅವನ ಬೆರಳು ಓಡುವ ರಭಸಕ್ಕೆ ಪಕ್ಕದಲ್ಲಿಟ್ಟ ಚಹಾ ಆರುತ್ತಿರಲಿಲ್ಲ, ಇನ್ನಷ್ಟು ಕಾಯುತ್ತಿತ್ತು. ಅಂಥ ಚಹಾ ನಾನೇ ಎರಡು ಸಲ ಕುಡಿದು ನಾಲಿಗೆ ಸುಟ್ಟುಕೊಂಡಿದ್ದೇನೆ.

ಪಂಡಿತರಿಂದ ದಾಖಲೆ ಬಂದ ದಿನ ಜೊತೆಗೆ ಒಂದು ಕಾಗದವೂ ಬಂತು. ನಾಳೆ ಬೆಳಗಿನ ದೋಣಿಗೆ ಮೊದಲ ಒಂಬತ್ತು ಮಂದಿ ಬರುತ್ತಾರೆ ಅಂತ.

ನಾಳೆ ಅಂದರೆ ನಾಳೆಯೇ. ಫಕೀರೇಶ ಕೂಡಲೇ ಎದ್ದ.

ಅಜ್ಜನವರ ಹತ್ತಿರ ಹೋಗಿ ಹೇಳಿದ. ಪಂಡಿತರದು ನಲವತ್ತಾರು ಖಾನೆ, ನಮ್ಮದೂ ನಲವತ್ತಾರು. ಬಹಳಷ್ಟಕ್ಕೆ ಹೆಸರೂ ಒಂದೇ ಇದೆ. ಸಂಜೆಯೊಳಗೆ ಮುಗಿಸಿಬಿಡುತ್ತೇನೆ.

ಅಜ್ಜನವರು ಅಳಲೆಕಾಯಿ ಜಜ್ಜುತ್ತಿದ್ದರು. ತಲೆ ಎತ್ತಲಿಲ್ಲ.

“ದೋಣಿ ಮಧ್ಯಾಹ್ನ ಹೊಂಡತೈತಿ,” ಅಂದರು.

“ಯಾವ ದೋಣಿ ಅಜ್ಜಾರ?”

“ಆಚೆ ದಂಡಿಗೆ ಹೋಗೂದು.”

ಫಕೀರೇಶ ಲೆಕ್ಕ ಹಾಕಿದ. ದೋಣಿಯಲ್ಲಿ ಹೋಗಿ ಬರುವುದೆಂದರೆ ಇವತ್ತಿನ ದಿನ ಹೋದ ಹಾಗೆ. ಇವತ್ತು ಹೋದರೆ ನಾಳೆ ಒಂಬತ್ತು ಮಂದಿ ದಾಖಲೆಯಿಲ್ಲದೆ ಬಂದು ನಿಲ್ಲುತ್ತಾರೆ. ಅಜ್ಜನವರು ಏನೋ ಬೇರೆ ಯೋಚನೆಯಲ್ಲಿದ್ದಾರೆ ಅಂದುಕೊಂಡು, ನಮಸ್ಕಾರ ಮಾಡಿ, ಬಂದು ಯಂತ್ರದ ಮುಂದೆ ಕೂತ.

ಪರದೆಯ ಎಡಕ್ಕೆ ಪಂಡಿತರ ಖಾನೆಗಳು, ಬಲಕ್ಕೆ ಮಠದ ಖಾನೆಗಳು. ಗೆರೆ ಬೀಳದ ಖಾನೆ ಕೆಂಪು. ಗೆರೆ ಬಿದ್ದದ್ದು ಹಸಿರು. ಒಂದೇ ಒಂದು ಕೆಂಪು ಉಳಿದರೂ ಯಂತ್ರ ಮುಂದಕ್ಕೆ ಬಿಡುವುದಿಲ್ಲ.

ಒಂದೇ ಹೆಸರಿನ ಖಾನೆಗಳನ್ನು ಯಂತ್ರ ತಾನೇ ಜೋಡಿಸಿತು. ಹೆಸರಿಗೆ ಹೆಸರು, ಊರಿಗೆ ಊರು, ವಯಸ್ಸಿಗೆ ವಯಸ್ಸು, ಪಥ್ಯಕ್ಕೆ ಪಥ್ಯ.

ಮಿಕ್ಕವನ್ನು ಫಕೀರೇಶ ಎಳೆದ. ಬೇನೆಯನ್ನು ರೋಗಕ್ಕೆ, ಮದ್ದನ್ನು ಔಷಧಕ್ಕೆ, ಹೀಗೆ ಒಂದೊಂದೇ.

ಮಧ್ಯಾಹ್ನದ ದೋಣಿ ಕೂಗು ಹಾಕಿ ಹೊರಟಾಗ ಪರದೆಯ ಮೇಲೆ ಎರಡೇ ಎರಡು ಕೆಂಪು ಉಳಿದಿದ್ದವು. ಎಡಗಡೆ ‘ಅಪಥ್ಯ’. ಬಲಗಡೆ ‘ಊಟ’.

ಮಠದ ರೂಢಿಯಲ್ಲಿ ಪಥ್ಯ ಅಂದರೆ ಬಿಡಬೇಕಾದ್ದು. ‘ನಿನಗೆ ಬದನೆಕಾಯಿ ಪಥ್ಯ’ ಅಂದರೆ ಬದನೆಕಾಯಿಯ ತಂಟೆಗೆ ಹೋಗಬೇಡ ಅಂತ. ಊಟ ಅಂದರೆ ಬಡಿಸಬೇಕಾದ್ದು. ಈ ಎರಡು ಖಾನೆಯಿಂದ ದಿನಾ ಬೆಳಗ್ಗೆ ಒಬ್ಬೊಬ್ಬ ರೋಗಿಯ ಹೆಸರಿನಲ್ಲಿ ಅಡುಗೆಮನೆಗೆ ಒಂದೊಂದು ಚೀಟಿ ಹೋಗುತ್ತದೆ.

ಫಕೀರೇಶ ಆ ‘ಅಪಥ್ಯ’ವನ್ನು ದಿಟ್ಟಿಸಿ ನೋಡಿದ. ಪಥ್ಯ ಅಂದರೆ ಬಿಡಬೇಕಾದ್ದು. ಮುಂದೊಂದು ‘ಅ’ ಬಂದರೆ ಇಲ್ಲ ಅಂತ. ಹಾಗಾದರೆ ಅಪಥ್ಯ ಅಂದರೆ ಬಿಡಬೇಕಿಲ್ಲದ್ದು. ಬಿಡಬೇಕಿಲ್ಲದ್ದು ಅಂದರೆ ತಿನ್ನಬಹುದಾದ್ದು. ತಿನ್ನಬಹುದಾದ್ದು ಅಂದರೆ ಊಟ.

ನಾನು ವ್ಯಾಕರಣದಲ್ಲಿ ಇಡೀ ಜಿಲ್ಲೆಗೆ ಹೆಸರಾದವನು. ಅದರಲ್ಲಿ ನನಗೂ ಒಂದು ತಪ್ಪು ಸಿಕ್ಕಲಿಲ್ಲ.

ಗೆರೆ ಎಳೆದ. ಎರಡೂ ಹಸಿರಾದವು.

ಗುಂಡಿ ಒತ್ತಿದ. ನಾಲ್ಕು ಸಾವಿರದ ನೂರಾ ಹನ್ನೆರಡು ಮಂದಿ ಕಾಲು ಒದ್ದೆಯಾಗದೆ ಹೊಳೆ ದಾಟಿ ಬಂದರು.

ಅಜ್ಜನವರು ಇನ್ನೂ ಅಳಲೆಕಾಯಿ ಜಜ್ಜುತ್ತಲೇ ಇದ್ದರು.

“ನಲವತ್ತಾರಕ್ಕ ನಲವತ್ತಾರೂ ಹಸರು ಅಜ್ಜಾರ,” ಅಂದ ಫಕೀರೇಶ. “ಒಂದೂ ಕೆಂಪಿಲ್ಲ.”

“ಕೂಡ್ಯಾವೋ, ಹೊಂದ್ಯಾವೋ?”

“ಕೂಡ್ಯಾವ್ರಿ. ಹೊಂದ್ಯಾವೋ ಇಲ್ಲೋ ಅನ್ನೂದನ್ನ ಯಂತ್ರ ಹೇಳೂದಿಲ್ರಿ.”

“ಯಂತ್ರ ಹೇಳೂದಿಲ್ಲ,” ಅಂದರು ಅಜ್ಜನವರು.

ಅಷ್ಟೇ ಅಂದದ್ದು. ಆದರೆ ಆಮೇಲೆ ಆ ಜಜ್ಜುವ ಸದ್ದು ಫಕೀರೇಶನ ಬೆನ್ನು ಬಿಡಲಿಲ್ಲ. ಕೈ ತೊಳೆಯುವಾಗ ಕೇಳಿತು. ಅಂಗಳ ದಾಟುವಾಗ ಕೇಳಿತು. ಅಜ್ಜನವರು ಒರಳು ಎತ್ತಿಟ್ಟ ಮೇಲೂ ಕೇಳಿತು.

ಮರುದಿನ ಬೆಳಗ್ಗೆ ಒಂಬತ್ತು ಮಂದಿ ಬಂದರು.

ಅವರಲ್ಲಿ ಒಬ್ಬಾಕೆ ಇಮಾಂಬಿ, ಬಳೆ ಮಾರುವವಳು. ಎರಡೂ ಕಣ್ಣಿಗೆ ಪಂಡಿತರು ಔಷಧ ಹಾಕಿ ಬಟ್ಟೆ ಕಟ್ಟಿದ್ದರು. ಏಳು ದಿನ ಬಿಚ್ಚುವಂತಿಲ್ಲ. ದೋಣಿಯಿಂದ ಅವಳನ್ನು ಕೈಹಿಡಿದು ಇಳಿಸಿದವನು ಫಕೀರೇಶ. ಅವಳು ಆ ಕೈಯನ್ನೇ ತಡವಿ, ನಿನ್ನ ಹೆಂಡತಿಗೆ ಎಷ್ಟನೆಯ ಅಳತೆಯ ಬಳೆ ಬೇಕು ಅಂತ ಕೇಳಿದಳು. ಹೆಂಡತಿ ಇಲ್ಲ ಅಂದದ್ದಕ್ಕೆ, ಹಾಗಾದರೆ ಈ ಕೈ ಇಷ್ಟು ಯಾಕೆ ನಡುಗುತ್ತಿದೆ ಅಂದಳು.

ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು. ತನ್ನ ಮೈಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಅನ್ನುವುದನ್ನೆಲ್ಲ ಪಂಡಿತರು ಬರೆಸಿದ್ದರು. ಅದು ಬಂದಿದೆಯಾ?

ಎಲ್ಲಾ ಬಂದಿದೆ, ಒಂದಕ್ಷರ ಬಿಟ್ಟಿಲ್ಲ ಅಂದ ಫಕೀರೇಶ. ಅದು ಸುಳ್ಳೇನೂ ಆಗಿರಲಿಲ್ಲ.

ಅವಳು ನಿರಾಳವಾಗಿ ಉಸಿರು ಬಿಟ್ಟಳು. ಇನ್ನು ನಾನು ಯಾರಿಗೂ ಏನೂ ಹೇಳುವ ಕೆಲಸವಿಲ್ಲ ಅಂದಳು.

ಚೀಟಿಗಳು ಅಡುಗೆಮನೆಗೆ ಹೋದವು.

ಅಡುಗೆ ನೀಲಗಂಗವ್ವನದು. ಆಕೆಗೆ ಚೀಟಿ ಅಂದರೆ ಚೀಟಿ. ಅದರಲ್ಲಿ ಬೆಣಚುಕಲ್ಲು ಅಂತ ಬಂದರೆ ಕುಕ್ಕರಿನಲ್ಲಿ ಎಷ್ಟು ಸೀಟಿ ಹೊಡೆಸಲಿ ಅಂತ ಕೇಳುವಾಕೆ.

ಆವತ್ತು ಚೀಟಿಗಳಲ್ಲಿ ಆ ಒಂಬತ್ತರ ಜೊತೆಗೆ ಇನ್ನೊಂದು ಹೊಸ ಹೆಸರಿತ್ತು. ಹಾಲಯ್ಯ ಅಜ್ಜನವರದೇ.

ಅಜ್ಜನವರು ಊರಿಗೆಲ್ಲ ಔಷಧ ಕೊಟ್ಟರೂ ತಮಗೆ ತಾವೇ ಕೊಟ್ಟುಕೊಳ್ಳುವವರಲ್ಲ. ಅವರ ಹೊಟ್ಟೆಹುಣ್ಣಿಗೆ ಹನ್ನೊಂದು ವರ್ಷದಿಂದ ಪಂಡಿತರೇ ವೈದ್ಯರು. ಹಾಗಾಗಿ ಆ ನಾಲ್ಕು ಸಾವಿರದಲ್ಲಿ ಅವರೂ ಒಬ್ಬರು. ಇದುವರೆಗೆ ಪಂಡಿತರು ಹೇಳಿ ಕಳಿಸಿದ್ದನ್ನು ನೀಲಗಂಗವ್ವ ನೆನಪಿಟ್ಟು ಬೇಯಿಸುತ್ತಿದ್ದಳು. ಹೆಸರುಬೇಳೆ, ಗೋಧಿ ಗಂಜಿ. ಹನ್ನೊಂದು ವರ್ಷ ಅದೇ.

ಚೀಟಿ ಓದಿ ಆಕೆಯ ಮುಖ ಅರಳಿತು. ಪಂಡಿತರು ಕಡೆಗೂ ಕರುಣೆ ತೋರಿದರು ಅಂದಳು. ಬದನೆಕಾಯಿ ಸೀಳಿ, ಶೇಂಗಾ ಹುರಿದು ಕುಟ್ಟಿ, ಹೊಟ್ಟೆತುಂಬ ಖಾರ ಹಿಡಿಸಿ ಎಣ್ಣೆಗಾಯಿ ಮಾಡಿದಳು. ಅದರ ವಾಸನೆ ನಾಲ್ಕು ಹರದಾರಿ ಹೋಯಿತು. ನಾನು ಐದನೆಯ ಹರದಾರಿಯಲ್ಲಿದ್ದೆ, ಅದಕ್ಕೇ ಈ ಕಥೆಯಲ್ಲಿ ನಾನಿಲ್ಲ.

ಮಠದಲ್ಲಿ ಒಂದು ನಿಯಮವುಂಟು. ಪಂಕ್ತಿಯಲ್ಲಿ ಅಜ್ಜನವರು ಮೊದಲ ತುತ್ತು ಬಾಯಿಗಿಡುವತನಕ ಯಾರೂ ಇಡುವಂತಿಲ್ಲ. ಇನ್ನೊಂದು ನಿಯಮ ಅಜ್ಜನವರದೇ. ಅವರು ದಿನಕ್ಕೆ ಒಂದೇ ಹೊತ್ತು, ನಡುಮಧ್ಯಾಹ್ನ ಉಣ್ಣುವವರು. ಆ ವೇಳೆ ತಪ್ಪಿತೋ, ಮರುದಿನವೇ.

ಪಂಕ್ತಿ ಕೂತಿತು. ಒಬ್ಬೊಬ್ಬರ ತಟ್ಟೆಯ ಪಕ್ಕ ಅವರವರ ಚೀಟಿ.

ಅಜ್ಜನವರು ತಟ್ಟೆ ನೋಡಿದರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಚೀಟಿ ಎತ್ತಿ ಓದಿದರು. ಸಾಲಿನ ಆ ತುದಿಯವರೆಗೆ ಒಮ್ಮೆ ಕಣ್ಣು ಹಾಯಿಸಿದರು.

ಚೀಟಿ ಕೆಳಗಿಟ್ಟು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತರು.

ಪಂಕ್ತಿ ಕಾಯಿತು.

ದೋಣಿಯಲ್ಲಿ ಬಂದು ಹಸಿದವರು. ಕೈಗಳೆಲ್ಲ ತಟ್ಟೆಯ ಅಂಚಿಗೆ ಬಂದು ನಿಂತಿದ್ದವು. ಇಮಾಂಬಿ ರೊಟ್ಟಿ ಮುರಿದು, ತಡವಿ, ಎಣ್ಣೆಗಾಯಿಯ ರಸದಲ್ಲಿ ಅದ್ದಿ ಹಿಡಿದಿದ್ದಳು.

ಅಜ್ಜಾರು ತುತ್ತು ಇಟ್ಟರಾ ಅಂತ ಪಕ್ಕದವಳನ್ನು ಕೇಳಿದಳು. ಇನ್ನೂ ಇಲ್ಲ ಅಂದಳು ಆಕೆ.

ನೀಲಗಂಗವ್ವ ಬಂದು ಇಣುಕಿದಳು. ಬಿಸಿ ಆರಿದರೆ ಎಣ್ಣೆಗಾಯಿ ಕಲ್ಲಾಗುತ್ತದೆ, ಯಾರ ಮೇಲಿನ ಸಿಟ್ಟಿದು ಅಂತ ಗೊಣಗಿದಳು.

ಇಮಾಂಬಿಯ ಕೈ ತಟ್ಟೆಯಿಂದ ಮೇಲೆದ್ದಿತು. ಇಟ್ಟರೇನವ್ವ ಅಂತ ಮತ್ತೆ ಕೇಳಿದಳು. ಇಲ್ಲ. ಕೈ ಇಳಿಯಿತು.

ಬಾಗಿಲಲ್ಲಿ ನಿಂತಿದ್ದ ಫಕೀರೇಶನಿಗೆ ಬೆವರೊಡೆಯಿತು. ಯಾಕೆ ಅಂತ ಅವನಿಗಿನ್ನೂ ಗೊತ್ತಿರಲಿಲ್ಲ. ಬೆವರಿಗೆ ಮೊದಲೇ ಗೊತ್ತಾಗಿತ್ತು.

ಅಜ್ಜನವರು ಅವನನ್ನು ಕರೆದು ಚೀಟಿ ಕೊಟ್ಟರು.

“ಓದು.”

“ಊಟ: ಬದನೆಕಾಯಿ, ಶೇಂಗಾ, ಮೊಸರು. ಪಥ್ಯ: ಹೆಸರುಬೇಳೆ, ಗೋಧಿ ಗಂಜಿ.”

“ಯಾರದು?”

“ನಿಮ್ಮದ್ರಿ.”

“ಹನ್ನೊಂದು ವರ್ಷ ಪಂಡಿತರು ನನ್ನ ಹೆಸರುಬ್ಯಾಳಿ ಮ್ಯಾಲೆ ಬದುಕಿಸ್ಯಾರ. ಈಗ ಅದನ್ನ ಬಿಡು ಅಂತಾರ?”

ಫಕೀರೇಶ ತಡವರಿಸಿದ. ಪಂಡಿತರ ಮನೆಯಲ್ಲಿ ಬೆರಳಚ್ಚು ಮಾಡುವುದು ಅವರ ಸೊಸೆ, ಆಕೆ ಅದಲು ಬದಲು ಮಾಡಿರಬೇಕು ಅಂದ. ಆ ಒಂದು ಚೀಟಿಯನ್ನು ಈಗಲೇ ತಿದ್ದಿ ತರುತ್ತೇನೆ ಅಂದ.

“ನಂದು ಒಂದನ ಏನು?”

ಅಜ್ಜನವರ ದನಿ ಏರಲಿಲ್ಲ. ಆದರೆ ಫಕೀರೇಶನ ಕಿವಿಯಲ್ಲಿ ನಿನ್ನೆಯಿಂದ ಜಜ್ಜುತ್ತಿದ್ದ ಒರಳು ತಟ್ಟನೆ ನಿಂತಿತು.

ಖಾನೆ ಒಬ್ಬರದಲ್ಲ. ಖಾನೆ ಎಲ್ಲರದು.

ಸಾಲಿನುದ್ದಕ್ಕೂ ಬಗ್ಗಿ ಚೀಟಿ ಓದುತ್ತ ಹೋದ. ಸಕ್ಕರೆ ಕಾಯಿಲೆಯ ಮುದುಕನ ಚೀಟಿಯಲ್ಲಿ ಊಟ, ಬೆಲ್ಲ. ಉಬ್ಬಸದವನ ಚೀಟಿಯಲ್ಲಿ ಊಟ, ಬಾಳೆಹಣ್ಣು, ಮಜ್ಜಿಗೆ. ಕಾಲು ಬಾತವಳ ಚೀಟಿಯಲ್ಲಿ ಊಟ, ಉಪ್ಪಿನಕಾಯಿ. ಅವಳ ತಟ್ಟೆಯಲ್ಲಿ ನೀಲಗಂಗವ್ವ ಧಾರಾಳವಾಗಿ ನಾಲ್ಕು ಹೋಳು ಹಾಕಿದ್ದಳು.

ಇಮಾಂಬಿಯ ಚೀಟಿಯಲ್ಲಿ ಊಟದ ಖಾನೆಗೆ ಒಂದೇ ಒಂದು ಮಾತಿತ್ತು. ಶೇಂಗಾ.

ಅವನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ಅವಳ ಕೈಯ ತುತ್ತು ಬಾಯಿಗೂ ತಟ್ಟೆಗೂ ನಡುವೆ ನಿಂತಿತ್ತು.

“ಅವ್ವಾ, ಶೇಂಗಾ ತಿಂದರ ನಿಮಗ ಏನಾಗತೈತಿ?”

“ಏನಾಗತೈತಿ?” ಅವಳು ನಕ್ಕಳು. “ಹೋದ ಸಲ ಗಂಟಲಾ ಮುಚ್ಚಿ ಬಿದ್ದಿದ್ದೆ. ಮನಿಯವರು ಅಳಾಕ ಸುರು ಮಾಡಿದ್ದರು. ನಾ ಇನ್ನೂ ಒಳಗ ಇದ್ದೆ, ಕೇಳತಿದ್ದೆ.”

ಫಕೀರೇಶ ಅವಳ ಬೆರಳಿನಿಂದ ಆ ತುತ್ತನ್ನು ಬಿಡಿಸಿ ತೆಗೆದುಕೊಂಡ. ಒಂದೊಂದೇ ಬೆರಳು ಬಿಡಿಸಬೇಕಾಯಿತು. ಅವಳು ಹಸಿದಿದ್ದಳು.

ಆಮೇಲೆ ಆ ಒಂಬತ್ತು ಮಂದಿಯ ತಟ್ಟೆಯನ್ನೂ ಅಜ್ಜನವರದನ್ನೂ ಎತ್ತಿದ. ನೀಲಗಂಗವ್ವ ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ನೋಡಿದಳು. ಚೀಟಿ ಹರಿದುಹಾಕಿ, ಒಬ್ಬೊಬ್ಬರನ್ನೂ ಬಾಯಿಬಿಟ್ಟು ಕೇಳಿ ಅಡುಗೆ ಮಾಡು ಅಂದದ್ದಕ್ಕೆ, ಹಾಗಾದರೆ ನಿನ್ನ ಆ ಯಂತ್ರವನ್ನು ಒಲೆಗೆ ಇಡಲಾ ಅಂದಳು. ಅಂದವಳೇ ತಾನೇ ಹೋಗಿ ಇಮಾಂಬಿಯ ಬೆರಳುಗಳನ್ನು ಬಿಸಿನೀರಿನಲ್ಲಿ ತೊಳೆದು, ಸೆರಗಿನಿಂದ ಒರೆಸಿ, ಮತ್ತೊಮ್ಮೆ ತೊಳೆದಳು.

ಹೊಸ ಅಡುಗೆ ಆಗುವಷ್ಟರಲ್ಲಿ ಅಜ್ಜನವರ ವೇಳೆ ಮೀರಿತ್ತು. ಅವರು ತಂಬಿಗೆಯಿಂದ ಒಂದು ಗುಟುಕು ನೀರು ಕುಡಿದು, ಇದೇ ನನ್ನ ತುತ್ತು, ಇನ್ನು ಉಣ್ಣಿರಿ ಅಂದರು. ಪಂಕ್ತಿ ಉಂಡಿತು.

ಫಕೀರೇಶ ಮುಂದೆ ಬಂದು ನಿಂತ. ತಲೆ ತಗ್ಗಿಸಿ, ಎರಡು ಗೆರೆ ಅದಲು ಬದಲು ಮಾಡಿದರೆ ಎಲ್ಲಾ ಸರಿಯಾಗುತ್ತದೆ ಅಜ್ಜಾರ, ಒಂದು ನಿಮಿಷದ ಕೆಲಸ ಅಂದ.

“ದೋಣಿ ಹೊಂಡಾಕ ಇನ್ನೂ ಸ್ವಲ್ಪ ಹೊತ್ತೈತಿ,” ಅಂದರು ಅಜ್ಜನವರು.

ಈ ಸಲ ಅವನು ಯಾವ ದೋಣಿ ಅಂತ ಕೇಳಲಿಲ್ಲ.

ಪಂಡಿತರು ಜಗಲಿಯ ಮೇಲೆ ಒರಗಿ ಕೂತಿದ್ದರು. ನಡೆದದ್ದನ್ನು ಫಕೀರೇಶ ಹೇಳಿದ. ಇಮಾಂಬಿ ಹೇಗಿದ್ದಾಳೆ ಅಂತ ಮೂರು ಸಲ ಕೇಳಿದರು. ಮೂರು ಸಲವೂ ಫಕೀರೇಶ, ಗಂಜಿ ಉಂಡಳು ಅಂತ ಹೇಳಿದ.

“ಪಥ ಅಂದ್ರ ದಾರಿ,” ಅಂದರು ಪಂಡಿತರು ಆಮೇಲೆ. “ಮೈಯನ್ನ ದಾರಿಗೆ ಹಚ್ಚೋದು ಪಥ್ಯ. ತಿನ್ನಬೇಕಾದ್ದು. ನಿಮ್ಮ ಮಠದಾಗ ಬಿಡೋದಕ್ಕ ಪಥ್ಯ ಅಂತ ಯಾವಾಗಿಂದ ಅನ್ಲಿಕ್ಕೆ ಹತ್ತಿದ್ರಿ?”

“ನಮ್ಮ ಕಡೆ ಎಲ್ಲಾರೂ ಹಂಗ ಅಂತಾರ್ರಿ.”

“ನಮ್ಮ ಮನ್ಯಾಗೂ ಹಂಗ ಅಂತಾರ. ಗೊಂದಲ ಆಗಬಾರದು ಅಂತ ನಾನ ಕೂತು ಎರಡು ಖಾನೆ ಬ್ಯಾರೆ ಮಾಡ್ಸೀನಿ.”

ಇಬ್ಬರೂ ಹೊಳೆಯ ಕಡೆ ನೋಡಿದರು.

ಫಕೀರೇಶ ಮಿಕ್ಕ ನಲವತ್ತನಾಲ್ಕನ್ನೂ ಒಂದೊಂದಾಗಿ ಕೇಳಿದ. ಹೆಸರು ಅಂದರೆ ಏನು ಅಂತ ಕೇಳಿದ. ಊರು ಅಂದರೆ ಹುಟ್ಟಿದ್ದೋ, ಈಗ ಇರುವುದೋ ಅಂತ ಕೇಳಿದ. ಪಂಡಿತರು ಮೊದಲು ನಕ್ಕರು, ನಿನ್ನ ಅಜ್ಜ ನಿನಗೆ ಅಕ್ಷರ ಕಲಿಸಲಿಲ್ಲವೇನೋ ಅಂತ ಕಾಲೆಳೆದರು. ವಯಸ್ಸಿಗೆ ಬಂದಾಗ ನಗು ನಿಲ್ಲಿಸಿದರು. ಅವರು ವಯಸ್ಸು ಬರೆಸುತ್ತಿದ್ದದ್ದು ರೋಗಿ ಮೊದಲ ಸಲ ಬಂದ ದಿನ ಮಾತ್ರ. ಆಮೇಲೆ ಯಾರೂ ಮುಟ್ಟಿರಲಿಲ್ಲ. ಆ ಖಾನೆಯಲ್ಲಿ ಹಾಲಯ್ಯ ಅಜ್ಜನವರಿಗೆ ಇನ್ನೂ ಅರವತ್ತೊಂದು. ಮುದುಕರಿಗೆ ಕೊಡುವ ಔಷಧದ ಅಳತೆ ಮಠದಲ್ಲಿ ಆ ಖಾನೆ ನೋಡಿಯೇ ಬರುತ್ತಿತ್ತು.

ಇದನ್ನು ಫಕೀರೇಶ ಕೇಳಲು ಬಂದೇ ಇರಲಿಲ್ಲ. ಎರಡೂ ಖಾನೆಯ ಹೆಸರು ಒಂದೇ ಇದೆಯಲ್ಲ ಅಂತ ಯಂತ್ರ ಮೊದಲೇ ಹಸಿರು ಮಾಡಿಟ್ಟಿತ್ತು.

ಸಂಜೆ ಬೆಳಕಿದ್ದಾಗಲೇ ಮಠಕ್ಕೆ ಮರಳಿದ. ಯಂತ್ರದ ಮುಂದೆ ಕೂತ. ಪಂಡಿತರ ಪಥ್ಯವನ್ನು ಮಠದ ಊಟಕ್ಕೆ ಎಳೆದ. ಪಂಡಿತರ ಅಪಥ್ಯವನ್ನು ಮಠದ ಪಥ್ಯಕ್ಕೆ ಎಳೆದ. ವಯಸ್ಸಿಗೆ, ಮೊದಲು ಬಂದ ದಿನದಿಂದ ಇವತ್ತಿಗೆ ಎಷ್ಟು ವರ್ಷವಾಯಿತೋ ಅಷ್ಟು ಕೂಡಿಸುವ ಹಾಗೆ ಯಂತ್ರಕ್ಕೆ ಹೇಳಿಕೊಟ್ಟ.

ನಲವತ್ತಾರಕ್ಕೆ ನಲವತ್ತಾರೂ ಹಸಿರು.

ನಿನ್ನೆಯ ಹಸಿರಿಗೂ ಇವತ್ತಿನ ಹಸಿರಿಗೂ ಕಣ್ಣಿಗೆ ಒಂದು ಕೂದಲೆಳೆಯ ವ್ಯತ್ಯಾಸವೂ ಕಾಣಲಿಲ್ಲ.

ಅವನ ಬೆರಳು ಗುಂಡಿಯ ಮೇಲೆ ಹೋಗಿ ನಿಂತಿತು. ಒತ್ತಲಿಲ್ಲ. ತೆಗೆದ. ಮತ್ತೆ ಇಟ್ಟ. ಮತ್ತೆ ತೆಗೆದ. ಎದುರಿನ ಪಡಸಾಲೆಯಲ್ಲಿ ಇಮಾಂಬಿ ಯಾರದೋ ಕೈ ತಡವಿ ಬಳೆಯ ಅಳತೆ ಹೇಳುತ್ತಿದ್ದಳು. 

ಕಡೆಗೆ ಎದ್ದು ಅಜ್ಜನವರ ಹತ್ತಿರ ಹೋದ. ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದರು. ಪಕ್ಕದಲ್ಲಿ ಅದೇ ತಂಬಿಗೆ.

“ಅಜ್ಜಾರ, ಎಲ್ಲಾ ಕೇಳಿಕೊಂಡು ಬಂದೀನ್ರಿ. ಆದರೂ ಬೆರಳು ಒತ್ತವಲ್ದು. ಅಂಜಿಕಿ ಹೋಗವಲ್ದು. ಇದಕ್ಕ ಏನರೆ ಔಷಧ ಕೊಡ್ರಿ.”

ಅಜ್ಜನವರು ಕಣ್ಣು ತೆರೆದರು.

“ಔಷಧ ಬ್ಯಾಡ. ನಿನಗ ಅಂಜಿಕಿ ಪಥ್ಯ.”

ಫಕೀರೇಶ ತಲೆಯಾಡಿಸಿದ. ನಮಸ್ಕಾರ ಮಾಡಿ ಹೊರಟ. ನಾಲ್ಕು ಹೆಜ್ಜೆ ನಡೆದು ಹೊಸ್ತಿಲ ಹತ್ತಿರ ನಿಂತ. ತಿರುಗಿ ಬಂದ.

“ಯಾವ ದಂಡಿ ಪಥ್ಯ ಅಜ್ಜಾರ?”

ಅಜ್ಜನವರು ತಂಬಿಗೆ ಎತ್ತಿ, ಇದ್ದ ನೀರನ್ನೆಲ್ಲ ಕುಡಿದು, ಕೆಳಗಿಟ್ಟರು.

“ಈ ಮಾತು ನಿನ್ನೆ ಕೇಳಿದ್ದರ, ಇವತ್ತ ನಾ ಉಣತಿದ್ದೆ.”